ಖಡ್ಗದ ಅಲಗಿನಲ್ಲಿ ಟಿಪ್ಪುವಿನ ಚರಿತ್ರೆ: ಅಸಲಿ ಯಾವುದು, ನಕಲಿ ಯಾವುದು?

ಬೆಂಗಳೂರು: ಕಲಾಸಿಪಾಳ್ಯವೆಂದರೆ ಇಂದಿನ ಬೆಂಗಳೂರಿಗರಿಗೆ ನೆನಪಾಗುವುದು ಬಸ್ ನಿಲ್ದಾಣ, ಲಾರಿ ಸಾಗಣೆಯ ಕಚೇರಿಗಳು ಮತ್ತು ಹಗಲಿರುಳೂ ಬಿಡುವಿಲ್ಲದ ಜನಜಂಗುಳಿ. ಆದರೆ ಎರಡು ಶತಮಾನಗಳ ಹಿಂದೆ ಈ ಪ್ರದೇಶ ದಕ್ಷಿಣ ಭಾರತದ ಬಲಿಷ್ಠ ಕೋಟೆಯೊಂದರ ಮಗ್ಗುಲಾಗಿತ್ತು. ಆ ಕೋಟೆಯ ಪೈಕಿ ದೆಹಲಿ ಬಾಗಿಲು, ಒಂದಿಷ್ಟು ಗೋಡೆ ಹಾಗೂ ತೇಗದ ಕಂಬಗಳ ಬೇಸಿಗೆ ಅರಮನೆ ಮಾತ್ರ ಉಳಿದಿವೆ. ಸಮೀಪದಲ್ಲಿ ಟಿಪ್ಪುವಿನ ಕಾಲದ್ದೆಂದು ಗುರುತಿಸಲಾದ ಶಸ್ತ್ರಾಗಾರದ ಕಟ್ಟಡವೂ ಇದೆ. 2012ರಲ್ಲಿ ಮೆಟ್ರೋ ಕಾಮಗಾರಿಗಾಗಿ ಕೋಟೆಯ ಬಳಿ ನೆಲ ಅಗೆದಾಗ ಮಣ್ಣಿನಡಿಯಿಂದ ಹಳೆಯ ಫಿರಂಗಿ ಮೇಲೆದ್ದು ಬಂದಿತ್ತು.

ಫಿರಂಗಿ ನೆಲದಲ್ಲಿಯೇ ಉಳಿಯಿತು. ಖಡ್ಗಗಳು ಮಾತ್ರ ಕಡಲಾಚೆ ಹೋದವು. ಮೈಸೂರು ಹುಲಿ ಎಂದೇ ಹೆಸರಾದ ಟಿಪ್ಪು ಸುಲ್ತಾನನ ಖಡ್ಗವೆಂಬ ಹಣೆಪಟ್ಟಿ ಹೊತ್ತ ಆಯುಧಗಳು ಲಂಡನ್ನಿನ ಹರಾಜು ಕೋಣೆಗಳಲ್ಲಿ ಆಗಾಗ್ಗೆ ಕಾಣಿಸಿಕೊಳ್ಳುತ್ತಲೇ ಇವೆ. 2023ರ ಮೇ 23ರಂದು ಬಾನಮ್ಸ್ ಸಂಸ್ಥೆಯ ಹರಾಜಿನಲ್ಲಿ ಇಂತಹ ಒಂದು ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೂ ಅಧಿಕ ಬೆಲೆಗೆ, ಅಂದರೆ 140 ಕೋಟಿ ರೂಪಾಯಿಗೂ ಮೀರಿದ ಮೊತ್ತಕ್ಕೆ ಮಾರಾಟವಾಯಿತು. ಹರಾಜಿಗೆ ಮುನ್ನ ಅಂದಾಜಿಸಿದ್ದ ಬೆಲೆ 15ರಿಂದ 20 ಲಕ್ಷ ಪೌಂಡ್ ಮಾತ್ರ.

ಒಂದು ಖಡ್ಗ ಟಿಪ್ಪುವಿನದೇ ಎಂದು ಹೇಗೆ ನಿರ್ಧರಿಸುತ್ತಾರೆ? ಉತ್ತರ ಬೇಕಾದರೆ ಉಕ್ಕಿನ ಜೊತೆಗೆ ಆ ದೊರೆಯ ಬದುಕನ್ನೂ ಓದಬೇಕು.

ದೇವನಹಳ್ಳಿಯಿಂದ ಸಿಂಹಾಸನಕ್ಕೆ

ಬೆಂಗಳೂರಿಗೆ ಉತ್ತರದಲ್ಲಿರುವ ದೇವನಹಳ್ಳಿಯಲ್ಲಿ ಟಿಪ್ಪು ಜನಿಸಿದನು. ಜನ್ಮದಿನವನ್ನು ಸಾಮಾನ್ಯವಾಗಿ 1750ರ ನವೆಂಬರ್ 20 ಎಂದು ದಾಖಲಿಸಲಾಗಿದೆ. ತಂದೆ ಹೈದರ್ ಅಲಿ, ತಾಯಿ ಫಕ್ರುನ್ನೀಸಾ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಡಲಾಯಿತು. ಮೈಸೂರು ಒಡೆಯರ ಸೇನೆಯಲ್ಲಿ ಸಾಮಾನ್ಯ ಸೈನಿಕನಾಗಿದ್ದ ಹೈದರ್ ಹೆಸರು ಗಳಿಸಿದ್ದು ಇದೇ ದೇವನಹಳ್ಳಿಯ ಮುತ್ತಿಗೆಯಲ್ಲಿ. ಮುಂದೆ ಬೆಂಗಳೂರು ಆತನಿಗೆ ಜಹಗೀರಾಗಿ ದೊರೆಯಿತು. 1761ರ ವೇಳೆಗೆ ರಾಜ್ಯದ ಅಧಿಕಾರವೇ ಆತನ ಕೈಸೇರಿತು. ಅದೇ ಕಾಲದಲ್ಲಿ ಬೆಂಗಳೂರಿನ ಮಣ್ಣಿನ ಕೋಟೆ ಕಲ್ಲಿನ ಕೋಟೆಯಾಯಿತು.

ಸ್ವತಃ ಓದುಬರಹ ಬಾರದ ಹೈದರ್ ಮಗನಿಗೆ ವಿದ್ಯೆ ಕೊಡಿಸಿದನು. ಕುದುರೆ ಸವಾರಿ, ಕತ್ತಿವರಸೆಗಳ ಜೊತೆಗೆ ಭಾಷೆಗಳೂ ಧರ್ಮಗ್ರಂಥಗಳೂ ಪಾಠದಲ್ಲಿದ್ದವು. ಹದಿಹರೆಯದಲ್ಲೇ, 1767ರಲ್ಲಿ, ಟಿಪ್ಪು ಅಶ್ವದಳದೊಡನೆ ಮದರಾಸಿನ ಹೊರವಲಯದವರೆಗೂ ದಾಳಿಯಿಟ್ಟನು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಸೇನೆ ತಂದೆ-ಮಗನ ಪಡೆಗಳೆದುರು ನೆಲಕಚ್ಚಿತು. ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಯುವ ಅಧಿಕಾರಿಯೂ ಇದ್ದನು. ಆತ 1784ರವರೆಗೆ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಕಾಲ ಕಳೆದನು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಹತ್ತೊಂಬತ್ತು ವರ್ಷಗಳ ತರುವಾಯ ಟಿಪ್ಪುವಿನ ಖಡ್ಗ ಸೇರಿದ್ದು ಇವನ ಕೈಯನ್ನೇ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಪಾಳಯದಲ್ಲಿ ಹೈದರ್ ನಿಧನನಾದಾಗ ಟಿಪ್ಪು ಯುದ್ಧಭೂಮಿಯಿಂದಲೇ ಧಾವಿಸಿ ಅಧಿಕಾರ ವಹಿಸಿಕೊಂಡನು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದೊಂದಿಗೆ ಎರಡನೆಯ ಮೈಸೂರು ಯುದ್ಧ ಮುಗಿಯಿತು.

ಎಲ್ಲಕ್ಕೂ ಗುರುತು ಒತ್ತಿದ ದೊರೆ

ಆಡಳಿತದಲ್ಲಿ ಟಿಪ್ಪುವಿಗಿದ್ದ ಒಂದು ಗೀಳು ಇಂದಿನ ತಜ್ಞರಿಗೆ ಬಹುದೊಡ್ಡ ಉಪಕಾರ ಮಾಡಿದೆ. ತನ್ನ ರಾಜ್ಯದ ನಾಣ್ಯ, ಅಳತೆ, ಊರುಗಳ ಹೆಸರು, ಕಾಲಗಣನೆ ಎಲ್ಲವನ್ನೂ ಆತ ಹೊಸದಾಗಿ ರೂಪಿಸಲು ಹೊರಟನು. ತನ್ನದೆಂಬ ಪ್ರತಿ ವಸ್ತುವಿನ ಮೇಲೂ ಗುರುತು ಒತ್ತಿಸಿದನು.

ಇವುಗಳಲ್ಲಿ ಮೊದಲನೆಯದು ಹುಲಿಪಟ್ಟೆ. ಬಬ್ರಿ ಎಂದು ಕರೆಯಲಾಗುವ, ತುದಿಗಳು ಚೂಪಾಗಿ ಬಾಗಿದ ಈ ಪಟ್ಟೆಯ ಚಿತ್ತಾರ ಸೈನಿಕರ ಅಂಗಿಯಿಂದ ಹಿಡಿದು ತುಪಾಕಿಯ ನಳಿಕೆ, ಕತ್ತಿಯ ಅಲಗುಗಳವರೆಗೆ ಹರಡಿದೆ. ಶ್ರೀರಂಗಪಟ್ಟಣದ ಗುಂಬಜಿನ ಒಳಗೋಡೆಗಳ ಮೇಲೂ ಇದೇ ಪಟ್ಟೆಯ ಬಣ್ಣವಿದೆ. ಫಿರಂಗಿಯ ಬಾಯಿ, ಖಡ್ಗದ ಹಿಡಿ, ಸಿಂಹಾಸನದ ಅಲಂಕಾರ ಹುಲಿಯ ತಲೆಯ ಆಕಾರ ಪಡೆದವು.

ಎರಡನೆಯದು ಅಕ್ಷರ. ಹೈದರ್ ಎಂಬ ಹೆಸರಿನ ಮೊದಲ ಅಕ್ಷರವಾದ ಅರಬ್ಬಿಯ ಹಾ ಟಿಪ್ಪುವಿನ ಆಯುಧಗಳ ಮೇಲೆ ಚಿನ್ನದಲ್ಲಿ ಕೂತಿರುವುದುಂಟು. ಅದು ತಂದೆಯ ಹೆಸರು. ಪ್ರವಾದಿಯವರ ಅಳಿಯ ಅಲಿಯವರಿಗೆ ಸಲ್ಲುವ ಬಿರುದೂ ಹೌದು, ಅದರ ಅರ್ಥ ಸಿಂಹ.

ಮೂರನೆಯದು, ನಕಲಿ ಮಾಡುವವರು ಹೆಚ್ಚಾಗಿ ಎಡವಬಹುದಾದ ಜಾಗ, ತಾರೀಖು. ಹಿಜರಿ ಶಕೆಯನ್ನು ಬದಿಗಿಟ್ಟು ಟಿಪ್ಪು ಮೌಲೂದಿ ಎಂಬ ಹೊಸ ಶಕೆ ತಂದನು. ನಮ್ಮ ಪಂಚಾಂಗದ ಅರವತ್ತು ಸಂವತ್ಸರಗಳ ಚಕ್ರವನ್ನೇ ಇದರಲ್ಲಿ ಅಳವಡಿಸಿ, ತಿಂಗಳು ಮತ್ತು ವರ್ಷಗಳಿಗೆ ಬೇರೆ ಹೆಸರಿಟ್ಟನು. ಕ್ರಿ.ಶ. 1787ಕ್ಕೆ ಹೊಂದುವ ವರ್ಷ ಈ ಲೆಕ್ಕದಲ್ಲಿ 1215. ಅಷ್ಟೇ ಅಲ್ಲ, ಈ ಅಂಕಿಗಳನ್ನು ಎಡದಿಂದ ಬಲಕ್ಕೆ ಬರೆಯುವ ರೂಢಿಯನ್ನು ಬಿಟ್ಟು ಬಲದಿಂದ ಎಡಕ್ಕೆ ಬರೆಯಿಸಿದನು. ಹೀಗಾಗಿ 1215 ಎಂಬುದು ನಾಣ್ಯದ ಮೇಲೆ 5121 ಎಂಬಂತೆ ಕಾಣುತ್ತದೆ. ಆಳ್ವಿಕೆಯ ಮೊದಲ ವರ್ಷಗಳ ನಾಣ್ಯಗಳಲ್ಲಿ ಹಿಜರಿ ವರ್ಷವೂ ಎಂದಿನ ಬರವಣಿಗೆಯೂ ಇವೆ. ಈ ತಿರುವು ತಿಳಿಯದೆ ತಾರೀಖು ಕೆತ್ತಿದವನ ಕೈಚಳಕ ಮೊದಲ ನೋಟದಲ್ಲಿಯೇ ಬಯಲಾಗುತ್ತದೆ.

ಉಕ್ಕು ನುಡಿಯುವ ಸಾಕ್ಷಿ

ಮೈಸೂರು ಸೀಮೆಯ ಉಕ್ಕಿಗೆ ಟಿಪ್ಪುವಿಗಿಂತ ಹಳೆಯ ಕೀರ್ತಿಯಿದೆ. ಮೂಸೆಯೊಳಗೆ ಕಬ್ಬಿಣದೊಂದಿಗೆ ತಂಗಡಿ ಗಿಡದ ಕಟ್ಟಿಗೆ, ಹಸಿರೆಲೆಗಳನ್ನಿಟ್ಟು, ಬಾಯಿಗೆ ಮಣ್ಣು ಮೆತ್ತಿ ಕುಲುಮೆಯಲ್ಲಿ ಕಾಯಿಸಿ ಉಕ್ಕಿನ ಗಟ್ಟಿ ತೆಗೆಯುತ್ತಿದ್ದರು. ಟಿಪ್ಪುವಿನ ಪತನದ ಮರುವರ್ಷ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಉಕ್ಕು ತಯಾರಿಸುವ ಈ ವಿಧಾನವನ್ನು ವಿವರವಾಗಿ ದಾಖಲಿಸಿದ್ದಾನೆ. ಯುರೋಪಿನವರು ವೂಟ್ಜ್ ಎಂದು ಕರೆದ ಲೋಹ ಇದೇ. ಆ ಹೆಸರು ಕನ್ನಡದ ಉಕ್ಕು ಎಂಬ ಪದದಿಂದಲೇ ಹುಟ್ಟಿತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಟಿಪ್ಪು ಬದುಕಿರುವಾಗಲೇ, 1795ರಲ್ಲಿ, ಜಾರ್ಜ್ ಪಿಯರ್ಸನ್ ಲಂಡನ್ನಿನಲ್ಲಿ ಈ ಉಕ್ಕಿನ ಗುಣಗಳ ಕುರಿತು ಪ್ರಬಂಧ ಮಂಡಿಸಿದ್ದನು.

ಸುಮಾರು ಶೇ. 1ರಿಂದ 2ರಷ್ಟು ಇಂಗಾಲವಿರುವ ಈ ಉಕ್ಕಿನಿಂದ ತಗ್ಗಿದ ಶಾಖದಲ್ಲಿ ಬಡಿದು ಮಾಡಿದ ಅಲಗಿನ ಮೇಲೆ ನೀರಿನ ಅಲೆಯಂತಹ ಗೆರೆಗಳು ಮೂಡುತ್ತವೆ. ಗೆರೆಗಳು ಲೋಹದ ಒಳಮೈಯಿಂದಲೇ ಬಂದವಾದ್ದರಿಂದ ಉಜ್ಜಿದರೆ ಮಸುಕಾದರೂ ಹದವಾದ ಆಮ್ಲ ಸವರಿದಾಗ ಮತ್ತೆ ಕಾಣಿಸುತ್ತವೆ. ಸಾಧಾರಣ ಉಕ್ಕಿನ ಮೇಲೆ ಆಮ್ಲದಿಂದ ಬರೆದ ನಕಲಿ ಗೆರೆ ಉಜ್ಜಿದೊಡನೆ ಅಳಿಸಿಹೋಗುತ್ತದೆ.

ಚಿನ್ನದ ಕೆಲಸವೂ ಸಾಕ್ಷಿ ಹೇಳುತ್ತದೆ. ಉಕ್ಕಿನ ಮೈಯನ್ನು ಅಡ್ಡಡ್ಡ ಗೀರಿ, ಆ ಗೀರುಗಳಿಗೆ ಚಿನ್ನದ ಎಳೆಯನ್ನು ಬಡಿದು ಕೂರಿಸುವುದು ಕೊಫ್ತಗಿರಿ. ಭೂತಗಾಜಿನಲ್ಲಿ ನೋಡಿದರೆ ಚಿನ್ನ ಸವೆದ ಕಡೆ ಈ ಗೀರುಗಳು ಕಾಣಬೇಕು. ಬರಿಯ ಚಿನ್ನದ ನೀರಿನ ಲೇಪವಾದರೆ ಕೆಳಗೆ ಗೀರಿರುವುದಿಲ್ಲ. ತುಕ್ಕಿನ ಮೇಲೆ ಅಕ್ಷರ ಕೂತಿದೆಯೋ, ಅಕ್ಷರದ ಮೇಲೆ ತುಕ್ಕು ಹತ್ತಿದೆಯೋ ಎಂಬುದೂ ಮುಖ್ಯ. ಹಿಡಿ ಸವೆದಷ್ಟು ಅಲಗೂ ಸವೆದಿದೆಯೇ ಎಂದು ಹೋಲಿಸಬೇಕು. ಹಳೆಯ ಕತ್ತಿಗಳಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಅರಗು ತುಂಬಿ ಬಿಗಿದಿರುತ್ತಾರೆ. ಅರಗಿನ ಜಾಗದಲ್ಲಿ ಇಂದಿನ ಅಂಟು ಕಂಡರೆ ಹಿಡಿಯನ್ನು ಈಚೆಗೆ ಬಿಚ್ಚಿ ಕೂಡಿಸಲಾಗಿದೆ ಎಂದರ್ಥ.

ಆದರೆ ಲೋಹವೊಂದನ್ನೇ ನಂಬಿ ತೀರ್ಪು ನೀಡಲಾಗದು. ಉಕ್ಕು ಪರೀಕ್ಷೆಯಿಂದ ಅಲಗು ಹಳೆಯದೆಂದು ತಿಳಿಯಬಹುದೇ ಹೊರತು ಅದನ್ನು ಹಿಡಿದ ಕೈ ಯಾರದೆಂದು ತಿಳಿಯದು. ನಿಜವಾಗಿ ಹಳೆಯದಾದ ಅಲಗಿಗೆ ಹೊಸ ಗುರುತು ಕೆತ್ತಿ ಬೆಲೆ ಏರಿಸುವುದೇ ಅತಿ ಅಪಾಯದ ನಕಲು.

ಬೆಂಗಳೂರು ಕೋಟೆಯ ಪತನ

ಶಸ್ತ್ರ ತಯಾರಿಕೆಯನ್ನು ಟಿಪ್ಪು ರಾಜ್ಯದ ಮುಖ್ಯ ಉದ್ಯಮವನ್ನಾಗಿಸಿದ್ದನು. ಕುಶಲಕರ್ಮಿಗಳನ್ನು ಕಳುಹಿಸುವಂತೆ ಫ್ರಾನ್ಸಿನ ದೊರೆಯನ್ನು ಕೇಳಿದನು. ಆತನ ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನ ತಲುಪಿದರು. ಬೆಂಗಳೂರು ಕೋಟೆಯೊಳಗೆ ಫಿರಂಗಿ ಎರಕದ ಕಾರ್ಖಾನೆಯೂ ತುಪಾಕಿಯ ನಳಿಕೆ ಕೊರೆಯುವ ಯಂತ್ರವೂ ಇದ್ದುದನ್ನು ಅದನ್ನು ವಶಪಡಿಸಿಕೊಂಡ ಆಂಗ್ಲ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಮಾರುಕಟ್ಟೆಯ ಬದಿಯ ತಾರಾಮಂಡಲಪೇಟೆ ಎಂಬ ಹೆಸರು ಇಂದಿಗೂ ರಾಕೆಟ್ಟುಗಳ ನೆನಪನ್ನು ಉಳಿಸಿಕೊಂಡಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ಕನ್ನಡ ನೆಲದಲ್ಲಿಯೇ ಸಿಕ್ಕ ಈ ಕಬ್ಬಿಣದ ಕೊಳವೆಗಳ ಬಗ್ಗೆ ಸಂಶಯಕ್ಕೆ ಆಸ್ಪದ ಕಡಿಮೆ, ಏಕೆಂದರೆ ಅವು ಎಲ್ಲಿ, ಯಾವ ಮಣ್ಣಿನಲ್ಲಿ ದೊರೆತವೆಂಬುದು ದಾಖಲಾಗಿದೆ.

1789ರ ಕೊನೆಯಲ್ಲಿ ತಿರುವಾಂಕೂರಿನ ನೆಡುಂಕೋಟ್ಟೆಯ ಮೇಲೆ ಟಿಪ್ಪು ನಡೆಸಿದ ದಾಳಿ ವಿಫಲವಾಯಿತು. ಅದೇ ಮೂರನೆಯ ಮೈಸೂರು ಯುದ್ಧಕ್ಕೆ ಕಾರಣವಾಯಿತು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಪೇಟೆಯನ್ನು ಹಿಡಿಯಿತು. ಬಾಗಿಲ ಬಳಿಯ ಕಾಳಗದಲ್ಲಿ ಆಂಗ್ಲರ ಕರ್ನಲ್ ಮೂರ್‌ಹೌಸ್ ಸತ್ತನು. ಮಾರ್ಚ್ 21ರ ರಾತ್ರಿ ಕೋಟೆಯ ಗೋಡೆಯ ಬಿರುಕಿನ ಮೂಲಕ ಸೈನಿಕರು ಒಳನುಗ್ಗಿದರು. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಮಡಿದನು. ಮುಂದಿನ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಮಕ್ಕಳು ಮರಳಿದ್ದು 1794ರಲ್ಲಿ.

ಆತನ ಆಳ್ವಿಕೆಯನ್ನು ಕುರಿತ ವಿವಾದಗಳು ಇಂದಿಗೂ ತಣ್ಣಗಾಗಿಲ್ಲ. ಕೊಡಗು, ಮಲಬಾರುಗಳ ದಂಡಯಾತ್ರೆಗಳೂ ಕರಾವಳಿಯ ಕ್ರೈಸ್ತರ ಸೆರೆವಾಸವೂ ಒಂದು ಕಡೆಯಾದರೆ, 1791ರಲ್ಲಿ ಮರಾಠ ಪಡೆಗಳಿಂದ ಲೂಟಿಯಾದ ಶೃಂಗೇರಿ ಮಠಕ್ಕೆ ಆತ ನೀಡಿದ ನೆರವು ಇನ್ನೊಂದು ಕಡೆ. 2015ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಜಯಂತಿ 2019ರಲ್ಲಿ ರದ್ದಾಯಿತು. ಇಂತಹ ವಾಗ್ವಾದದಲ್ಲಿ ಟಿಪ್ಪುವಿನ ಖಡ್ಗದ ಮೇಲೆ ಹೀಗೆ ಬರೆದಿದೆ, ಹಾಗೆ ಬರೆದಿದೆ ಎಂಬ ಮಾತುಗಳು ಹುಟ್ಟುವುದೂ ಸಹಜ. ಯಾವ ಖಡ್ಗ, ಅದೀಗ ಎಲ್ಲಿದೆ, ಓದಿದವರಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಹೇಳಿಕೆಯನ್ನು, ಅದು ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಸಾಕ್ಷ್ಯವೆಂದು ಒಪ್ಪುವಂತಿಲ್ಲ.

1799ರ ಮೇ 4

ನಾಲ್ಕನೆಯ ಯುದ್ಧ ಕಡೆಯದು. 1799ರ ಮೇ 4ರ ಮಧ್ಯಾಹ್ನ ಆಂಗ್ಲ ಸೇನೆ ಶ್ರೀರಂಗಪಟ್ಟಣದ ಕೋಟೆಯ ಬಿರುಕಿಗೆ ನುಗ್ಗಿತು. ಮುಂದಾಳಾಗಿದ್ದವನು ಒಂದು ಕಾಲದ ಸೆರೆಯಾಳು, ಮೇಜರ್ ಜನರಲ್ ಡೇವಿಡ್ ಬೇರ್ಡ್. ಟಿಪ್ಪು ಸಾಮಾನ್ಯ ಯೋಧನಂತೆ ಕಾದಾಡಿ ಗಾಯಗೊಂಡನು. ಬಿದ್ದವನ ಸೊಂಟದ ಕತ್ತಿಪಟ್ಟಿಯನ್ನು ಕಸಿಯಲು ಸೈನಿಕನೊಬ್ಬ ಕೈಹಾಕಿದಾಗ ಟಿಪ್ಪು ಕತ್ತಿ ಬೀಸಿದನೆಂದೂ, ಆಗ ಹಾರಿದ ಗುಂಡು ಆತನ ಪ್ರಾಣ ತೆಗೆಯಿತೆಂದೂ ಆಂಗ್ಲರ ವರದಿಗಳು ತಿಳಿಸುತ್ತವೆ. ರಾತ್ರಿ ದೀಪದ ಬೆಳಕಿನಲ್ಲಿ ಹೆಣಗಳ ರಾಶಿಯ ನಡುವೆ ಸುಲ್ತಾನನ ದೇಹ ಪತ್ತೆಯಾಯಿತು.

ಅನಂತರ ನಡೆದದ್ದು ಲೂಟಿ. ಸಿಂಹಾಸನವನ್ನು ತುಂಡರಿಸಿ ಹಂಚಿಕೊಂಡರು. ಅದರ ಹುಲಿಯ ತಲೆ, ಹುಮಾ ಪಕ್ಷಿಗಳು ಇಂದು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಸಿಪಾಯಿಯ ಮೇಲೆರಗಿದ ಯಾಂತ್ರಿಕ ಹುಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಸೇರಿತು. ಶಸ್ತ್ರಾಗಾರದ ಕತ್ತಿ, ತುಪಾಕಿಗಳು ಅಧಿಕಾರಿಗಳ ಪಾಲಾದವು. ಸೇನೆಯ ಪರವಾಗಿ ಬೇರ್ಡನಿಗೆ ಉಡುಗೊರೆಯಾಗಿ ಸಂದದ್ದು ಅರಮನೆಯ ಶಯನಗೃಹದಲ್ಲಿ ಸಿಕ್ಕ ಖಡ್ಗ.

ಒಂದು ಖಡ್ಗ, ಎರಡು ಕಥೆ

ಇದೇ ಖಡ್ಗ 2003ರಲ್ಲಿ ಲಂಡನ್ನಿನ ಹರಾಜಿಗೆ ಬಂದಿತು. ಕೊಂಡವರು ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಎಂಬುದು 2004ರಲ್ಲಿ ಬಹಿರಂಗವಾದಾಗ ಕರ್ನಾಟಕದಲ್ಲಿ ದೊಡ್ಡ ಸುದ್ದಿಯಾಯಿತು. 2016ರಲ್ಲಿಯೇ ಅದನ್ನು ಕೊಟ್ಟುಬಿಟ್ಟಿರುವುದಾಗಿ ಅವರು ತಿಳಿಸಿದ್ದಾರೆಂದು ಬ್ಯಾಂಕುಗಳ ವ್ಯಾಜ್ಯದ ಸಂದರ್ಭದಲ್ಲಿ, 2018ರಲ್ಲಿ, ವರದಿಯಾಯಿತು.

ಖಡ್ಗದ ಮೂಲದ ಬಗ್ಗೆ ಮಾತ್ರ ಎರಡು ಕಥೆಗಳು ಹರಿದಾಡುತ್ತವೆ. ನೆಡುಂಕೋಟ್ಟೆಯ ಸೋಲಿನಲ್ಲಿ ಟಿಪ್ಪು ಕಳೆದುಕೊಂಡ ಖಡ್ಗ ತಿರುವಾಂಕೂರಿನವರ ಕೈಸೇರಿ, ಅಲ್ಲಿಂದ ಆರ್ಕಾಟಿನ ನವಾಬನ ಮೂಲಕ ಲಂಡನ್ನಿಗೆ ಹೋಯಿತೆಂಬುದು ಒಂದು. ಶ್ರೀರಂಗಪಟ್ಟಣದ ಶಯನಗೃಹದಿಂದ ಬೇರ್ಡನ ಕೈಸೇರಿತೆಂಬುದು ಇನ್ನೊಂದು. 1789ರಲ್ಲಿ ಕೈಬಿಟ್ಟುಹೋದ ಖಡ್ಗ 1799ರಲ್ಲಿ ಸುಲ್ತಾನನ ತೂಗುಮಂಚದ ಬಳಿ ಇರಲು ಸಾಧ್ಯವಿಲ್ಲ. ಟಿಪ್ಪುವಿನ ಬಳಿ ಅನೇಕ ಖಡ್ಗಗಳಿದ್ದವು. ಎರಡು ಬೇರೆ ಖಡ್ಗಗಳ ಕಥೆಯನ್ನು ಒಂದಕ್ಕೇ ಹೊಲಿದದ್ದರಿಂದ ಈ ಗೊಂದಲ ಹುಟ್ಟಿತೆನ್ನಬಹುದು.

ತೀರ್ಪು ನೀಡುವುದು ಖಡ್ಗದ ಮೈ. ಅಲಗಿನ ಮೇಲೆ ಅರಸನ ಖಡ್ಗ ಎಂಬ ಅರ್ಥದ ಪರ್ಷಿಯನ್ ಬರಹವಿದೆ. ಹಿಡಿಯಲ್ಲಿ ಚಿನ್ನದ ಅಕ್ಷರಗಳಲ್ಲಿ ದೇವರ ಗುಣಗಳನ್ನು ಸ್ತುತಿಸುವ ಪದಗಳಿವೆ. ಜೊತೆಗೆ ಬೇರ್ಡನಿಗೆ ಅರ್ಪಿಸಿದ ಸಂಗತಿಯನ್ನು ತಿಳಿಸುವ ಬರಹವನ್ನೂ ಕೆತ್ತಲಾಗಿದೆ. ಅಲಗಿನ ರೂಪ, 16ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಜರ್ಮನ್ ಅಲಗುಗಳ ಮಾದರಿಯಲ್ಲಿ ಮೊಘಲ್ ಕಮ್ಮಾರರು ತಯಾರಿಸುತ್ತಿದ್ದ ಬಗೆಯದು. ಮೈಮೇಲಿನ ಬರಹ, ಬೇರ್ಡ್ ಮನೆತನದಲ್ಲಿ 2003ರವರೆಗೆ ಉಳಿದ ಒಡೆತನ ಮತ್ತು 1799ರ ಘಟನೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ತಜ್ಞರು ಒಡೆತನದ ಸರಪಳಿ ಎನ್ನುವುದು ಇದನ್ನೇ.

ಈ ಸರಪಳಿಗೆ ಬೆಲೆ ಎಷ್ಟು? 2024ರ ನವೆಂಬರಿನಲ್ಲಿ ಟಿಪ್ಪುವಿನ ಶಸ್ತ್ರಾಗಾರದ್ದೆಂದು ಇನ್ನೊಂದು ಖಡ್ಗ ಬಾನಮ್ಸ್‌ನಲ್ಲಿ ಸುಮಾರು 3 ಲಕ್ಷ 17 ಸಾವಿರ ಪೌಂಡಿಗೆ ಮಾರಾಟವಾಯಿತು. ಅದರ ಅಲಗಿನಲ್ಲಿ ಹುಲಿಪಟ್ಟೆಯೂ ಇದೆ, ಚಿನ್ನದ ಹಾ ಅಕ್ಷರವೂ ಇದೆ. ಶ್ರೀರಂಗಪಟ್ಟಣದಲ್ಲಿ ಹೋರಾಡಿದ ಅಧಿಕಾರಿಯೊಬ್ಬನಿಗೆ ಸಂದದ್ದೆಂಬ ದಾಖಲೆಯೂ ಇತ್ತು. ಆದರೂ ಬೆಲೆ ಶಯನಗೃಹದ ಖಡ್ಗದ ನಲವತ್ತನೆಯ ಒಂದು ಪಾಲನ್ನು ಮೀರಲಿಲ್ಲ. ಒಂದು ದೊರೆಯ ಆಯುಧಶಾಲೆಯದು, ಇನ್ನೊಂದು ದೊರೆಯ ತಲೆದೆಸೆಯದು ಎಂಬ ವ್ಯತ್ಯಾಸ ಇಷ್ಟು ದೊಡ್ಡದು.

ಮನೆಯ ಅಟ್ಟದಲ್ಲಿ ಖಡ್ಗವಿದ್ದರೆ

ಹಳೆಯ ಬೆಂಗಳೂರಿನ ಮನೆಗಳಲ್ಲಿ ತಾತ, ಮುತ್ತಾತಂದಿರ ಕಾಲದ ಕತ್ತಿ ಇರುವುದು ಅಪರೂಪವಲ್ಲ. ಅದು ದೊರೆಯದೇ ಆಗಿರಬೇಕೆಂದಿಲ್ಲ. ಆದರೂ ಹುಣಸೆಹಣ್ಣು, ಉಪ್ಪುಕಾಗದಗಳಿಂದ ತಿಕ್ಕಿ ಹೊಳಪಿಸುವುದು ದೊಡ್ಡ ಅನಾಹುತ. ತುಕ್ಕಿನ ಜೊತೆಗೆ ಅಕ್ಷರ, ಚಿನ್ನ, ಕಮ್ಮಾರನ ಗುರುತುಗಳೂ ಅಳಿಸಿಹೋಗುತ್ತವೆ. ಒರೆ, ಹಳೆಯ ಪತ್ರ, ಛಾಯಾಚಿತ್ರಗಳಿದ್ದರೆ ಅವನ್ನು ಜೋಪಾನ ಮಾಡಬೇಕು. ನೂರು ವರ್ಷ ಮೀರಿದ ಇಂತಹ ವಸ್ತುಗಳು 1972ರ ಪುರಾತನ ವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಭಗವಾನ್ ಗಿದ್ವಾನಿಯವರ 1976ರ ಕಾದಂಬರಿ ಮತ್ತು ಅದನ್ನಾಧರಿಸಿ 1990ರಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ ಟಿಪ್ಪುವಿನ ಖಡ್ಗವೆಂಬ ಮಾತನ್ನು ಮನೆಮಾತಾಗಿಸಿದವು. ಆ ಖಡ್ಗ ಕಲ್ಪನೆಯದು. ನಿಜದ ಖಡ್ಗಗಳು ಹಲವು, ಒಂದೊಂದಕ್ಕೂ ಅದರದೇ ಗುರುತು, ಅದರದೇ ದಾರಿ. ತನ್ನ ನೆಲದ ಪ್ರತಿ ವಸ್ತುವಿಗೂ ಹೆಸರು ಹಚ್ಚಿದ ದೊರೆ ತನ್ನ ರಾಜ್ಯವನ್ನು ಉಳಿಸಿಕೊಳ್ಳಲಾಗಲಿಲ್ಲ. ಆದರೆ ಆತ ಒತ್ತಿಸಿದ ಪಟ್ಟೆ, ಅಕ್ಷರ, ತಿರುಗಿಸಿ ಬರೆಸಿದ ಅಂಕಿಗಳೇ ಎರಡು ಶತಮಾನಗಳ ನಂತರವೂ ಅಸಲಿಯನ್ನು ನಕಲಿಯಿಂದ ಬೇರ್ಪಡಿಸುತ್ತಿವೆ. ಕಲಾಸಿಪಾಳ್ಯದ ನೆಲದಡಿಯಲ್ಲಿ ಇನ್ನೇನು ಅಡಗಿದೆಯೋ ಬಲ್ಲವರಾರು? ಸಿಕ್ಕಾಗ ಅದನ್ನು ತಿಕ್ಕುವ ಮುನ್ನ ಓದುವವರು ಇರಬೇಕು, ಅಷ್ಟೇ.